ನಗುವ ಲಿಫ್ಟಿನ ದೂರು

"ನಮ್ಮ ಲಿಫ್ಟ್ ನಗ್ತಾ ಇದೆ."

ಹದಿನಾಲ್ಕು ವರ್ಷದಿಂದ ನಾನು ಈ ಲಿಫ್ಟ್ ಕಂಪನಿಯ ದೂರಿನ ಮೇಜಿನಲ್ಲಿ ಕೂತು ಫೋನ್ ಎತ್ತುತ್ತಿದ್ದೇನೆ. ಲಿಫ್ಟ್ ನಿಂತಿದೆ, ಲಿಫ್ಟ್ ನಡುಗುತ್ತದೆ, ಬಾಗಿಲು ಮುಚ್ಚುವುದಿಲ್ಲ, ಮುಚ್ಚಿದ್ದು ತೆರೆಯುವುದಿಲ್ಲ, ಒಳಗೆ ನಾಯಿ ಸಿಕ್ಕಿಕೊಂಡಿದೆ ಬೇಗ ಬನ್ನಿ, ಒಳಗೆ ನಮ್ಮತ್ತೆ ಸಿಕ್ಕಿಕೊಂಡಿದ್ದಾರೆ ನಿಧಾನಕ್ಕೆ ಬಂದರೂ ಪರವಾಗಿಲ್ಲ... ಎಲ್ಲ ಕೇಳಿದ್ದೇನೆ. ನಗುವ ಲಿಫ್ಟು ಮಾತ್ರ ಅದೇ ಮೊದಲು.

"ಏನಂದ್ರಿ?" ಎಂದೆ.

"ನಗ್ತಾ ಇದೆ ಅಂದೆ. ನಿಮಗೆ ಕಿವಿ ಕೇಳ್ಸುತ್ತೆ ತಾನೆ? ನಂಗೆ ಎಪ್ಪತ್ತೊಂದು, ನಂಗೇ ಕೇಳ್ಸುತ್ತೆ. ಎಂಟನೇ ಮಹಡಿ ಬಾಗಿಲ ಹಿಂದಿನಿಂದ, ಗಂಡಸಿನ ದನಿ. ಮೂರು ಸಲ ನಕ್ಕಿತು. ಮೂರನೇ ಸಲ ಒಂದು ನಿಮಿಷ ಹತ್ತು ಸೆಕೆಂಡು. ಗಡಿಯಾರ ನೋಡ್ಕೊಂಡೇ ಹೇಳ್ತಿದೀನಿ, ಬರ್ಕೊಳ್ಳಿ."

ದನಿ ಕೇಳುತ್ತಲೇ ಯಾರೆಂದು ಗೊತ್ತಾಯಿತು. ಎಂಟು ಮಹಡಿಯ, ಒಂದೇ ಲಿಫ್ಟಿನ ಆ ಕಟ್ಟಡದಲ್ಲಿ ಎಲ್ಲರಿಗಿಂತ ಮೇಲೆ ಇರುವ ಟೀಚರಮ್ಮ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ವಾಕರ್ ಹಿಡಿದು ಓಡಾಡುತ್ತಿದ್ದರು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಆಸ್ಪತ್ರೆಗೆ ಹೋಗಿ ಕಾಲಿನ ವ್ಯಾಯಾಮ ಮಾಡಬೇಕು. ಹೀಗಾಗಿ ಲಿಫ್ಟ್ ಒಂದು ಸೀನು ಸೀನಿದರೂ ನನಗೆ ಫೋನ್ ಬರುತ್ತಿತ್ತು.

ಗೋಡೆಯ ಮೇಲಿನ ಡ್ಯೂಟಿ ಬೋರ್ಡ್ ನೋಡಿದೆ. ಆ ಕಟ್ಟಡಕ್ಕೆ ಅಂದು ತಿಂಗಳ ಸರ್ವೀಸು. ಹೋಗಿದ್ದವರು ಮೀಸೆ.

ಮೀಸೆ ಎಂದರೆ ನಮ್ಮ ಹಿರಿಯ ಮೆಕ್ಯಾನಿಕ್. ಐವತ್ತೇಳು ವರ್ಷ, ಅದರಲ್ಲಿ ಮೂವತ್ತೈದು ಲಿಫ್ಟುಗಳ ಜೊತೆ. ಮೀಸೆಯ ಎರಡು ತುದಿಗಳೂ ಕಿವಿಯ ಕಡೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಮೇಲಕ್ಕೆ ತಿರುಗಿವೆ. ಮಾತು ಕಡಿಮೆ, ನಗುವಂತೂ ಇಲ್ಲವೇ ಇಲ್ಲ. ಅವರು ಒಂದು ಸಲ ದಿಟ್ಟಿಸಿದರೆ ಬೋಲ್ಟುಗಳು ತಾವೇ ಬಿಗಿಯಾಗುತ್ತವೆ ಎಂದು ಫಿಟ್ಟರುಗಳು ಆಡಿಕೊಳ್ಳುತ್ತಿದ್ದರು, ಅವರಿಗೆ ಕೇಳಿಸದಷ್ಟು ದೂರ ಹೋಗಿ. ಕೆಲಸದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ. ಹೊಸಬರಿಗೆ ಕೆಲಸ ಕಲಿಸುವ ತರಬೇತುದಾರರ ಹುದ್ದೆಗೆ ಅವರ ಹೆಸರು ಹೋಗಿತ್ತು. ಆ ಪತ್ರವನ್ನು ನಾನೇ ಟೈಪ್ ಮಾಡಿದ್ದೆ. ಸಾಹೇಬರ ಡ್ರಾಯರಿನಲ್ಲಿತ್ತು, ಶುಕ್ರವಾರ ಸಹಿ ಆಗಬೇಕಿತ್ತು. ಮೂವತ್ತೈದು ವರ್ಷ ದುಡಿದ ಮನುಷ್ಯ ಆಸೆಪಟ್ಟು ಕೇಳಿದ್ದು ಅದೊಂದನ್ನೇ.

ಅವರ ಮೊಬೈಲಿಗೆ ಫೋನ್ ಮಾಡಿದೆ.

"ಅಣ್ಣಾ, ನೀವಿರೋ ಲಿಫ್ಟು ನಗ್ತಿದೆಯಂತೆ. ಸ್ವಲ್ಪ ನೋಡ್ತೀರಾ?"

ಆ ಕಡೆಯಿಂದ ತುಂಬ ಸಣ್ಣ ದನಿಯಲ್ಲಿ, "ಅಷ್ಟು ಜೋರಾಗಿ ಕೇಳಿಸ್ತಾ?" ಎಂದರು.

ನನ್ನ ಕೈಯಲ್ಲಿದ್ದ ಪೆನ್ನು ಮೇಜಿನ ಕೆಳಗೆ ಉರುಳಿತು.

ಐದೂವರೆಗೆ ಅವರು ಆಫೀಸಿಗೆ ಬಂದರು. ಟೂಲ್ ಚೀಲ ಕೆಳಗಿಟ್ಟು, ಮೇಜಿನ ಎದುರಿನ ಸ್ಟೂಲಿನಲ್ಲಿ ಕೂತು, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡರು. ಹೆಡ್‌ಮಾಸ್ಟರ ಮುಂದೆ ಕೂತ ಹುಡುಗನ ಹಾಗೆ! ನನಗೋ ಮೂಗಿನ ತುದಿಯಲ್ಲೇ ಕೋಪ, ನಾಲಿಗೆ ತುದಿಯಲ್ಲೇ ಪ್ರಶ್ನೆ.

"ಹೇಳಿ ಅಣ್ಣಾ. ಶಾಫ್ಟ್ ಒಳಗೆ ಒಬ್ಬರೇ ಕೂತು ಯಾಕೆ ನಕ್ರಿ? ಮೈ ಹುಷಾರಾಗಿದೆ ತಾನೆ?"

"ಕಾರ್ಟೂನ್ ನೋಡ್ತಿದ್ದೆ," ಎಂದರು.

ನಾನು ನಕ್ಕೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಮೀಸೆಗೂ ಆ ಮಾತಿಗೂ ಎತ್ತಣಿಂದೆತ್ತ ಸಂಬಂಧ! ಅವರು ಎದ್ದು ಟೂಲ್ ಚೀಲಕ್ಕೆ ಕೈ ಹಾಕಿದರು. ಮುಖ ಇಳಿದುಹೋಗಿತ್ತು. ಆಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಚೀಲ ಕಿತ್ತುಕೊಂಡು, "ಕೂತ್ಕೊಳ್ಳಿ, ತಪ್ಪಾಯ್ತು, ಪೂರ್ತಿ ಹೇಳಿ," ಎಂದೆ.

ಹೇಳಿದರು. ಅಷ್ಟು ವರ್ಷದಲ್ಲಿ ಅವರು ನನ್ನೊಂದಿಗೆ ಆಡಿದ ಮಾತೆಲ್ಲ ಸೇರಿಸಿದರೂ ಅಂದಿನಷ್ಟು ಆಗಲಿಕ್ಕಿಲ್ಲ.

ಇಪ್ಪತ್ತಾರನೇ ವಯಸ್ಸಿನಲ್ಲಿ ಅವರು ಲಿಫ್ಟ್ ಓಡಾಡುವ ಬಾವಿಯಂಥ ಶಾಫ್ಟಿನೊಳಗೆ ಎರಡು ಮಹಡಿ ಕೆಳಕ್ಕೆ ಬಿದ್ದಿದ್ದರು. ಎರಡೂ ಕಾಲಿಗೆ ಪ್ಲಾಸ್ಟರು, ಆಸ್ಪತ್ರೆಯಲ್ಲಿ ಮೂರು ತಿಂಗಳು. ವಾರ್ಡಿನಲ್ಲೊಂದು ಟಿವಿ. ಅದರ ಚಾನೆಲ್ ತಿರುಗಿಸುವ ಗುಂಡಿ ಕಿತ್ತುಹೋಗಿ ಕಾರ್ಟೂನಿನ ಮೇಲೇ ನಿಂತುಬಿಟ್ಟಿತ್ತು. ಬೇರೆ ರೋಗಿಗಳು ಬೈದುಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಇವರು ಮೊದಲ ದಿನ ಬೇಡವೆಂದೇ ನೋಡಿದರು. ಎರಡನೇ ದಿನ ಕಾಯ್ದು ನೋಡಿದರು. ಮೂರನೇ ದಿನ ನಗಲು ಹೋಗಿ ಪ್ಲಾಸ್ಟರಿನೊಳಗೆ ಕಾಲು ನೋವು ಬಂದು, ನರ್ಸಿನಿಂದ ಬೈಸಿಕೊಂಡರಂತೆ.

"ಅದ್ರಲ್ಲಿ ಎಲ್ರೂ ಬೀಳ್ತಾರೆ ತಂಗಿ," ಎಂದರು. "ಬೆಟ್ಟದಿಂದ ಬೀಳ್ತಾರೆ, ಕಟ್ಟಡದಿಂದ ಬೀಳ್ತಾರೆ. ಬಿದ್ದು ಚಪಾತಿ ಹಾಗೆ ಚಪ್ಪಟೆ ಆಗ್ತಾರೆ. ಆಮೇಲೆ ಎದ್ದು, ಮೈ ಕೊಡವ್ಕೊಂಡು ಓಡ್ತಾರೆ. ನಾನು ಇನ್ಮೇಲೆ ನಡೀತೀನೋ ಇಲ್ವೋ ಅಂತ ಡಾಕ್ಟ್ರಿಗೇ ಗೊತ್ತಿರ್ಲಿಲ್ಲ. ಬಿದ್ದೋರು ಎದ್ದು ಓಡೋದನ್ನ ನಾನು ಇನ್ನೆಲ್ಲಿ ನೋಡ್ಲಿ?"

ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವರ ಕಡೆ ಸರಿಸಿದೆ.

ಅಂದಿನಿಂದ ಬಿಟ್ಟಿಲ್ಲ. ಮನೆಯಲ್ಲೂ ನೋಡುತ್ತಿದ್ದರು, ಮಗಳು ಚಿಕ್ಕವಳಾಗಿದ್ದಾಗ ಅವಳ ನೆಪದಲ್ಲಿ. ಮಗಳು ದೊಡ್ಡವಳಾಗಿ ಟಿವಿ ಬಿಟ್ಟು ಎದ್ದುಹೋದಳು, ಇವರು ಏಳಲಿಲ್ಲ. ದನಿ ಪೂರ್ತಿ ಇಳಿಸಿ, ಹೆಂಡತಿ ಅಡುಗೆಮನೆಯಿಂದ ಬಂದರೆ ಪಟ್ಟನೆ ವಾರ್ತೆಗೆ ತಿರುಗಿಸಿ, ಹೇಗೋ ಕಾಲ ಹಾಕುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಭಾನುವಾರ ಅಳಿಯ ನೋಡಿಬಿಟ್ಟ. ಊಟಕ್ಕೆ ಎಲ್ಲರೂ ಕೂತಾಗ, "ಮಾವ, ಮುಂದಿನ ಸಲ ಬರುವಾಗ ನಿಮಗೊಂದು ಗಿಲಕಿ ತರ್ಲಾ?" ಎಂದ. ಮಗಳು ನಕ್ಕಳು. ಹೆಂಡತಿಯೂ ನಕ್ಕಳು. ಇವರು ತಟ್ಟೆಯಲ್ಲೇ ಕೈ ತೊಳೆದರು. ಅಷ್ಟೇ. ಮಾರನೆಯ ದಿನದಿಂದ ಮನೆಯಲ್ಲಿ ಕಾರ್ಟೂನು ಬಂದ್.

ಬಂದ್ ಆಯಿತೆಂದರೆ ಜಾಗ ಬದಲಾಯಿತು. ಬೆಳಿಗ್ಗೆ ಮೊಬೈಲಿಗೆ ಎರಡು ಸಂಚಿಕೆ ಇಳಿಸಿಕೊಳ್ಳುವುದು. ನಾಲ್ಕೂವರೆಗೆ ಟೀ ವಿರಾಮ. ಆ ಹೊತ್ತಿಗೆ ಯಾವ ಕಟ್ಟಡದಲ್ಲಿದ್ದರೆ ಆ ಕಟ್ಟಡದ ಲಿಫ್ಟನ್ನು ಮೇಲಿನೆರಡು ಮಹಡಿಗಳ ನಡುವೆ ನಿಲ್ಲಿಸಿ, ಕೆಳಗೆ 'ತಪಾಸಣೆ ನಡೆಯುತ್ತಿದೆ' ಬೋರ್ಡು ಹಾಕಿಸಿ, ಲಿಫ್ಟಿನ ನೆತ್ತಿಯ ಮೇಲೆ ಟೂಲ್ ಬಾಕ್ಸ್ ಮಗುಚಿ ಹಾಕಿ ಕೂರುವುದು. ಇಪ್ಪತ್ತೆರಡು ನಿಮಿಷ. ನಗು ಬಂದರೆ ಬಾಯಿಗೆ ಒರೆಸುವ ಬಟ್ಟೆ.

"ಒಗೆದಿದ್ದೇ ಇಟ್ಕೋತೀನಿ, ಗ್ರೀಸಿಂದಲ್ಲ," ಎಂದು ಗಂಭೀರವಾಗಿ ತಿಳಿಸಿದರು.

"ಮತ್ತೆ ಇವತ್ತೇನಾಯ್ತು ಬಟ್ಟೆಗೆ?"

"ಇವತ್ತಿಂದು ಬಟ್ಟೆಗೆ ಬಗ್ಗೋ ಅಂಥದ್ದಲ್ಲ," ಎಂದವರೇ ಮೀಸೆಯೊಳಗೆ ಏನೋ ಅದುರಿದಂತಾಗಿ, ಮುಖ ಆಚೆ ತಿರುಗಿಸಿದರು. ಆಮೇಲೆ ಎದ್ದು ನಿಂತು, "ಸಾಹೇಬ್ರಿಗೆ ಗೊತ್ತಾದ್ರೆ ಆ ಪತ್ರ ಹರಿದು ಹಾಕ್ತಾರೆ. ಹಾಕ್ಲಿ. ಆದ್ರೆ ಫಿಟ್ಟರ್‌ಗಳಿಗೆ ಗೊತ್ತಾದ್ರೆ ನಾನು ಯಾವ ಮುಖ ಇಟ್ಕೊಂಡು ಪಾಠ ಹೇಳ್ಲಿ?" ಎಂದು ಹೊರಟುಹೋದರು.

ಈಗ ನಾನು ಮಾಡಿದ ಘನಕಾರ್ಯ ಕೇಳಿ.

ನಮ್ಮ ದೂರಿನ ಪುಸ್ತಕದಲ್ಲಿ ನಾಲ್ಕು ಕಾಲಮ್ಮು: ದೂರು, ಕಾರಣ, ಪರಿಹಾರ, ಸಹಿ. ಮೊದಲನೆಯದು ನನ್ನದು. ಉಳಿದ ಮೂರೂ ಮೆಕ್ಯಾನಿಕ್ಕಿನ ಕೈಬರಹದಲ್ಲೇ ಇರಬೇಕು, ಅದು ಕಟ್ಟುನಿಟ್ಟು. ಆರು ಗಂಟೆಯೊಳಗೆ ತುಂಬದಿದ್ದರೆ ಮರುದಿನ ಸಾಹೇಬರು ಕರೆದು ಕೇಳುತ್ತಾರೆ. ನಾನು ದೂರಿನಲ್ಲಿ 'ಎಂಟನೇ ಮಹಡಿಯ ಬಳಿ ವಿಚಿತ್ರ ಸದ್ದು' ಎಂದು ಬರೆದೆ. ನಗು ಎಂಬ ಪದವನ್ನೇ ನುಂಗಿಹಾಕಿದೆ. ಕಾರಣದ ಕಾಲಮ್ಮು ಬೆಳ್ಳಗೆ ನನ್ನನ್ನೇ ನೋಡುತ್ತಿತ್ತು. ಗಂಟೆ ಐದು ಐವತ್ತೈದು. ಅಣ್ಣನನ್ನು ಕಾಪಾಡುವ ಹುರುಪಿನಲ್ಲಿ ಪೆನ್ನು ಎತ್ತಿ, 'ಮೋಟರಿನ ಬೇರಿಂಗ್ ಇರಬಹುದು' ಎಂದು ಬರೆದು, ಪುಸ್ತಕ ಮುಚ್ಚಿ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಮನೆಗೆ ಹೋದೆ.

ಮರುದಿನ ಒಂಬತ್ತಕ್ಕೆ ಸಾಹೇಬರು ಪುಸ್ತಕ ತೆರೆದರು. ಒಂಬತ್ತೂ ಹತ್ತಕ್ಕೆ ಅವರ ಕೋಣೆಯಿಂದ ಕೂಗು: "ಬೇರಿಂಗ್ ಸದ್ದಾ? ಎಂಟು ಮಹಡಿ ಕಟ್ಟಡದಲ್ಲಾ? ಈಗ್ಲೇ ಲಿಫ್ಟ್ ನಿಲ್ಸಿ! ಮೋಟರ್ ಬಿಚ್ಚಿ ನೋಡೋ ತನಕ ಒಂದು ನೊಣಾನೂ ಅದ್ರಲ್ಲಿ ಹತ್ತಕೂಡ್ದು!"

ಹಾಗೊಂದು ನಿಯಮ ಇದೆ ಎಂಬುದು ನನಗೆ ಮರೆತೇ ಹೋಗಿತ್ತು. ಬೇರಿಂಗ್ ಎಂಬ ಪದ ಬಿದ್ದರೆ ಸಾಕು, ಲಿಫ್ಟಿಗೆ ಬೀಗ, ಮೋಟರು ಬಿಚ್ಚುವುದು, ಪರೀಕ್ಷೆ, ಮತ್ತೆ ಜೋಡಿಸುವುದು. ಕಡಿಮೆಯೆಂದರೆ ಮೂರು ದಿನ.

ಹತ್ತು ಗಂಟೆಗೆ ಟೀಚರಮ್ಮನ ಫೋನು. "ಕೆಳಗೆ ಬೀಗ ಹಾಕಿದಾರೆ. ಹನ್ನೊಂದಕ್ಕೆ ನಾನು ಆಸ್ಪತ್ರೇಲಿರ್ಬೇಕು. ಒಂದು ದಿನ ವ್ಯಾಯಾಮ ತಪ್ಪಿದ್ರೆ ಕಾಲು ಒಂದು ವಾರ ಹಿಂದಕ್ಕೆ ಹೋಗುತ್ತೆ ಅಂದಿದಾರೆ ಡಾಕ್ಟ್ರು. ಮೂರು ದಿನಕ್ಕೆ ಎಷ್ಟು ವಾರ ಆಯ್ತು? ನೀವೇ ಲೆಕ್ಕ ಹಾಕಿ."

ಲೆಕ್ಕ ಹಾಕುವ ಧೈರ್ಯ ನನಗಿರಲಿಲ್ಲ.

ಮೀಸೆಗೆ ಫಿಟ್ಟರುಗಳಿಂದ ಸುದ್ದಿ ಹೋಗಿತ್ತು. ಅವರು ಸೀದಾ ನನ್ನ ಮೇಜಿಗೆ ಬಂದು, ಪುಸ್ತಕ ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟರು.

"ಯಾರು ಬರೆದಿದ್ದು?"

"ನಾನೇ. ನಿಮಗೆ ಒಳ್ಳೇದಾಗ್ಲಿ ಅಂತ..."

"ನಾನು ಶಾಫ್ಟಲ್ಲಿ ಬಿದ್ದೆ ಅಂದ್ನಲ್ಲ, ಯಾಕೆ ಬಿದ್ದೆ ಗೊತ್ತಾ?" ದನಿ ಏರಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. "ಹಿಂದಿನ ದಿನ ಬಂದೋನು ಬ್ರೇಕ್ ಮುಟ್ಟೇ ನೋಡದೆ, ಪುಸ್ತಕದಲ್ಲಿ 'ಬ್ರೇಕ್ ಸರಿ ಇದೆ' ಅಂತ ಬರೆದು ಸಹಿ ಹಾಕಿ ಹೋಗಿದ್ದ. ಪಾಪದೋನು. ಮನೇಗೆ ಬೇಗ ಹೋಗ್ಬೇಕಿತ್ತಂತೆ. ನಾನು ಅದನ್ನ ಓದಿ, ನಂಬಿ, ಮೇಲೆ ಹತ್ತಿದೆ. ಅವತ್ತಿಂದ ಇವತ್ತಿನ ತನಕ ನನ್ನ ಹೆಸರು ಇರೋ ಪುಟದಲ್ಲಿ ಒಂದು ಸುಳ್ಳಿಲ್ಲ. ಈಗ ಇದೆ."

ನನಗೆ ಅಳು ಬಂತು. ಅತ್ತೂಬಿಟ್ಟೆ. ಹದಿನಾಲ್ಕು ವರ್ಷ ಆ ಮೇಜಿನಲ್ಲಿ ಬೈಸಿಕೊಂಡಿದ್ದೇನೆ, ಒಂದು ದಿನ ಅತ್ತವಳಲ್ಲ. ಅಷ್ಟರಲ್ಲಿ ಸಾಹೇಬರು ಹೊರಬಂದು, "ನಡೀರಿ ಎಲ್ರೂ, ನಾನೇ ನೋಡ್ಬೇಕು ಅದನ್ನ. ಆ ಪುಸ್ತಕಾನೂ ತಗೊಂಬಾಮ್ಮ," ಎಂದರು.

ವ್ಯಾನಿನಲ್ಲಿ ಐದು ಜನ: ಸಾಹೇಬರು, ಇಬ್ಬರು ಫಿಟ್ಟರು, ಮೀಸೆ, ನಾನು.

ಲಿಫ್ಟಿಗೆ ಬೀಗ ಹಾಕಿದ ಮೇಲೆ ಲಿಫ್ಟ್ ಕಂಪನಿಯವರೂ ಮೆಟ್ಟಿಲು ಹತ್ತಲೇಬೇಕಲ್ಲ! ಸಾಹೇಬರು ಇಪ್ಪತ್ತು ವರ್ಷದಿಂದ ಮೆಟ್ಟಿಲನ್ನು ದೂರದಿಂದಲೇ ಗೌರವಿಸಿಕೊಂಡು ಬಂದವರು. ಎರಡನೇ ಮಹಡಿಯಲ್ಲಿ ಕೋಟು ಬಿಚ್ಚಿದರು. ನಾಲ್ಕನೆಯದರಲ್ಲಿ ಟೈ ಸಡಿಲಿಸಿದರು. ಆರನೆಯದರಲ್ಲಿ ಯಾರದೋ ಮನೆ ಮುಂದಿನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತು, "ಇನ್ನೆಷ್ಟು?" ಎಂದರು. ಫಿಟ್ಟರುಗಳು ಮೋಟರು ಎತ್ತುವ ಸರಪಳಿ ಹೊತ್ತು ಬುಸುಗುಡುತ್ತಿದ್ದರು. ನಾನು ಪುಸ್ತಕ ಎದೆಗವಚಿಕೊಂಡು, ಪ್ರತಿ ಮೆಟ್ಟಿಲಿಗೂ ನನ್ನ ಪೆನ್ನಿಗೊಂದು ಶಾಪ ಹಾಕುತ್ತಾ ಹತ್ತಿದೆ. ಮೀಸೆ ಎಲ್ಲರಿಗಿಂತ ಮುಂದೆ, ಒಂದೇ ಸಮನೆ ಹೋಗುತ್ತಿದ್ದರು. ಎರಡು ಮುರಿದ ಕಾಲು ಕೂಡಿಸಿಕೊಂಡ ಮನುಷ್ಯ.

ಎಂಟನೇ ಮಹಡಿಯಲ್ಲಿ ಟೀಚರಮ್ಮ ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಆಸ್ಪತ್ರೆಗೆ ಹೊರಟ ಸೀರೆ, ಕೈಯಲ್ಲಿ ಚೀಟಿಗಳ ಚೀಲ.

"ಬಂದ್ರಾ? ಹತ್ತೂ ನಲವತ್ತು," ಎಂದರು.

ಸಾಹೇಬರು ಗೋಡೆಗೆ ಒರಗಿ, ಉಸಿರಿಗೆ ತಡಕಾಡುತ್ತಾ, ಮೋಟರಿರುವ ಕೋಣೆಯ ಕಡೆ ಕೈ ತೋರಿಸಿ ಫಿಟ್ಟರುಗಳಿಗೆ, "ಬಿಚ್ಚಿ..." ಎಂದರು.

"ಬಿಚ್ಬೇಡಿ," ಎಂದರು ಮೀಸೆ.

ಎಲ್ಲರೂ ತಿರುಗಿದೆವು. ಅವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಗೋಡೆಗೆ ಇಟ್ಟು, ನಾನು ಬರೆದ ಸಾಲಿನ ಮೇಲೆ ಸ್ಕೇಲು ಹಿಡಿದಷ್ಟು ನೇರವಾಗಿ ಒಂದು ಗೆರೆ ಎಳೆದರು. ಕೆಳಗೆ ಬರೆದರು. ಬರೆದದ್ದನ್ನು ತಾವೇ ಓದಿದರು, ಎಲ್ಲರಿಗೂ ಕೇಳುವ ಹಾಗೆ:

"ಕಾರಣ: ನಾನು. ಲಿಫ್ಟಿನಲ್ಲಿ ದೋಷವಿಲ್ಲ."

"ಏನ್ರೀ ಹಾಗಂದ್ರೆ?" ಎಂದರು ಸಾಹೇಬರು.

"ನಿನ್ನೆ ನಾಲ್ಕೂವರೆಗೆ ಲಿಫ್ಟ್ ನಿಲ್ಸಿ, ಅದರ ಮೇಲೆ ಕೂತು ಕಾರ್ಟೂನ್ ನೋಡ್ತಿದ್ದೆ ಸಾರ್. ನಕ್ಕಿದ್ದು ನಾನು. ಟೀ ವಿರಾಮ ನನ್ನದು, ಆದ್ರೆ ಲಿಫ್ಟು ಇವ್ರದ್ದು. ನಿಲ್ಸಿದ್ದು ತಪ್ಪು. ಈ ಹೆಣ್ಣುಮಗಳು ನನ್ನ ಮರ್ಯಾದೆ ಉಳ್ಸೋಕೆ ಹೋಗಿ ಬೇರಿಂಗ್ ಅಂತ ಬರೆದ್ಲು. ಅವಳನ್ನ ಏನೂ ಅನ್ಬೇಡಿ."

ಒಬ್ಬ ಫಿಟ್ಟರಿನ ಕೈಯಿಂದ ಸರಪಳಿ ಜಾರಿ ಧಡಾರ್ ಎಂದು ಬಿತ್ತು.

"ಕಾರ್ಟೂನಾ?" ಸಾಹೇಬರಿಗೆ ಉಸಿರು ವಾಪಸು ಬಂದಿತ್ತು. "ಮಕ್ಕಳು ನೋಡೋದಾ? ನಿಮ್ಮ ವಯಸ್ಸೇನು, ನಿಮ್ಮ... ನಿಮ್ಮ ಮೀಸೆಯೇನು!"

ಮೀಸೆ ತಲೆ ತಗ್ಗಿಸಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು. ಇಬ್ಬರು ಫಿಟ್ಟರುಗಳ ತುಟಿಯ ಕೊನೆಗಳು ಆಗಲೇ ಅದುರತೊಡಗಿದ್ದವು. ಇನ್ನೊಂದು ಕ್ಷಣ ಆಗಿದ್ದರೆ ಅಳಿಯನ ಆ ಭಾನುವಾರದ ಊಟವೇ ಮತ್ತೆ ನಡೆಯುತ್ತಿತ್ತು. ಯಾರಾದರೂ ನಗಲಿ, ಅವರ ಕಪಾಳ ನೋಡಿಕೊಳ್ಳುತ್ತೇನೆ ಎಂದು ನಾನು ಸೆರಗು ಸಿಕ್ಕಿಸಿ ನಿಂತೆ.

"ಒಂದು ನಿಮಿಷ," ಎಂದರು ಟೀಚರಮ್ಮ. ವಾಕರನ್ನು ಠಣ್ ಠಣ್ ಎನಿಸುತ್ತಾ ಎರಡು ಹೆಜ್ಜೆ ಮುಂದೆ ಬಂದರು. "ನಿನ್ನೆ ನಗು ಕೇಳಿ ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ. ಆಪರೇಷನ್ ಆದ್ಮೇಲೆ ಈ ಮನೇಲಿ ಯಾರೂ ಹಾಗೆ ನಕ್ಕಿಲ್ಲ, ನಾನಂತೂ ಇಲ್ವೇ ಇಲ್ಲ. ಒಂದು ನಿಮಿಷ ಹತ್ತು ಸೆಕೆಂಡು ನಗೋ ಅಂಥದ್ದು ಅದ್ರಲ್ಲಿ ಏನಿತ್ತು? ಹೇಳಿ. ಹಂತ ಹಂತವಾಗಿ ಹೇಳಿ."

"ಇಲ್ಲೇನಾ?" ಎಂದರು ಮೀಸೆ.

"ಇನ್ನೆಲ್ಲಿ? ಕೆಳಗೆ ಹೋಗೋಕೆ ಲಿಫ್ಟಿಲ್ವಲ್ಲ."

ಮೀಸೆ ಗಂಟಲು ಸರಿಮಾಡಿಕೊಂಡರು. ಶುರುವಾಗಿದ್ದು ತನಿಖೆಯ ವರದಿ ಒಪ್ಪಿಸುವ ಧಾಟಿಯಲ್ಲೇ.

"ಒಂದು ನೀರಾನೆ ಇದೆ. ಅದು ಕಿಟಕಿ ಗಾಜು ಒರೆಸೋ ಕೆಲಸದ್ದು. ಇಪ್ಪತ್ತನೇ ಮಹಡಿ. ಎರಡು ಹಗ್ಗಕ್ಕೆ ಹಲಗೆ ಕಟ್ಟಿ ನಿಂತಿದೆ. ಆ ಹಗ್ಗ ಆ ಭಾರಕ್ಕೆ ಸಾಲೋದಿಲ್ಲ, ಅದು ಬೇರೆ ವಿಷಯ." ಫಿಟ್ಟರುಗಳು ತಮಗರಿವಿಲ್ಲದೆ ಹೌದೆಂದು ತಲೆಯಾಡಿಸಿದರು. "ಒಂದು ಕಾಗೆ ಬಂದು ಅದರ ಸೋಪು ಎತ್ಕೊಂಡು ಹೋಗುತ್ತೆ. ನೀರಾನೆಗೆ ಸಿಟ್ಟು. ಕಾಗೆ ಹಿಂದೇನೇ ಹಲಗೆ ಬಿಟ್ಟು ಗಾಳಿಯಲ್ಲಿ ನಡ್ಕೊಂಡು ಹೊರಡುತ್ತೆ. ಕೆಳಗೇನೂ ಇಲ್ಲ ಅಂತ ಗೊತ್ತಿಲ್ಲ ಅದಕ್ಕೆ. ಹೋಗ್ತಾ ಹೋಗ್ತಾ ಅಭ್ಯಾಸಬಲ ನೋಡಿ, ಗಾಳೀನೂ ಒರೆಸುತ್ತೆ. ಹೀಗೆ."

ಒರೆಸಿ ತೋರಿಸಿದರು. ಜೇಬಿನಿಂದ ಅದೇ ಬಟ್ಟೆ ತೆಗೆದು, ಇಲ್ಲದ ಗಾಜಿಗೆ ಹಾ ಎಂದು ಉಸಿರು ಬಿಟ್ಟು, ಸೊಂಟ ಅಲ್ಲಾಡಿಸಿಕೊಂಡು, ಸಾಹೇಬರ ಮೂಗಿನ ಮುಂದೆಯೇ ಗಾಳಿ ಒರೆಸಿಕೊಂಡು ನಾಲ್ಕು ಹೆಜ್ಜೆ ಹೋದರು. ಅಯ್ಯೋ, ಆ ನಡಿಗೆ! ಅಷ್ಟು ದೊಡ್ಡ ಆಳು, ಅಷ್ಟು ಹಗುರ! ನನ್ನ ಕಣ್ಣನ್ನೇ ನನಗೆ ನಂಬಲಾಗಲಿಲ್ಲ.

"ಆಮೇಲೆ ನಿಲ್ಲುತ್ತೆ. ಒಂದು ಕಾಲಲ್ಲಿ ಕೆಳಗೆ ತಡಕುತ್ತೆ. ನೆಲ ಇಲ್ಲ. ಇನ್ನೊಂದು ಕಾಲಲ್ಲಿ ತಡಕುತ್ತೆ. ಇಲ್ಲ. ಆದ್ರೆ ಬೀಳೋದಿಲ್ಲ! ಮೊದ್ಲು ಟೋಪಿ ಸರಿಮಾಡ್ಕೊಳ್ಳುತ್ತೆ. ಆಮೇಲೆ ಜೇಬಿಂದ ಒಂದು ಪುಸ್ತಕ ತೆಗೆಯುತ್ತೆ, ಇಂಥದ್ದೇ." ದೂರಿನ ಪುಸ್ತಕ ಎತ್ತಿ ಹಿಡಿದರು. "ಪೆನ್ನು ನಾಲಿಗೆಗೆ ಒತ್ಕೊಂಡು, ನಿಧಾನಕ್ಕೆ ಬರೆಯುತ್ತೆ: 'ಹಗ್ಗ ಸರಿ ಇದೆ.' ಸಹಿ ಹಾಕುತ್ತೆ. ತಾರೀಕೂ ಹಾಕುತ್ತೆ! ಪುಸ್ತಕ ಕಾಗೆ ಕೈಗೆ ಕೊಡುತ್ತೆ. ಆಮೇಲೆ..."

ಕಣ್ಣು ಅಗಲ ಮಾಡಿ ನಮ್ಮೆಲ್ಲರನ್ನೂ ಒಂದು ಸಲ ನೋಡಿ, ಸೊಯ್ಯನೆ ಕುಕ್ಕರಿಸಿಬಿಟ್ಟರು.

ಮೊದಲು ಸಿಡಿದವರು ಸಾಹೇಬರು! ಎಷ್ಟು ಸುಳ್ಳು ಪುಸ್ತಕಗಳಿಗೆ ಅವರು ಸಹಿ ಹಾಕಬೇಕಾಗಿ ಬಂದಿತ್ತೋ, ಎಷ್ಟು 'ಸರಿ ಇದೆ'ಗಳನ್ನು ಓದಿ ರಾತ್ರಿ ನಿದ್ದೆಗೆಟ್ಟಿದ್ದರೋ! "ತಾರೀಕೂ ಹಾಕುತ್ತಾ? ತಾರೀಕೂ!" ಎನ್ನುತ್ತಾ ಗೋಡೆಯುದ್ದಕ್ಕೂ ಜಾರಿ ನೆಲಕ್ಕೇ ಕೂತರು. ಫಿಟ್ಟರುಗಳು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ನನಗೆ ಕಣ್ಣಲ್ಲಿ ನೀರು, ಪಕ್ಕೆಯಲ್ಲಿ ನೋವು. ಟೀಚರಮ್ಮ ವಾಕರಿನ ಮೇಲೆ ಬಾಗಿ, ಭುಜ ಕುಣಿಸುತ್ತಾ, "ಸೊಂಟ, ನನ್ನ ಸೊಂಟ, ಸಾಕು," ಎನ್ನುತ್ತಲೇ, "ಮತ್ತೆ? ಬಿದ್ಮೇಲೆ?" ಎಂದು ಕೇಳಿದರು.

"ಎದ್ದು, ಮೈ ಕೊಡವ್ಕೊಂಡು, ಮೆಟ್ಲು ಹತ್ತೋಕೆ ಶುರುಮಾಡುತ್ತೆ," ಎಂದರು ಮೀಸೆ, ಕುಕ್ಕರಿಸಿದಲ್ಲಿಂದಲೇ. ಆಗ ಅವರೂ ನಕ್ಕರು, ಬಾಯಿಗೆ ಬಟ್ಟೆ ಇಲ್ಲದೆ. ಅದು ಎಂಟೂ ಮಹಡಿ ಇಳಿದು ಕೆಳಗಿನ ಕಾವಲುಗಾರನಿಗೂ ಕೇಳಿಸಿತಂತೆ.

ಹತ್ತೂ ಐವತ್ತೆರಡಕ್ಕೆ ಬೀಗ ತೆಗೆಸಿದರು. ಟೀಚರಮ್ಮ ಹನ್ನೊಂದಕ್ಕೆ ಎಂಟು ನಿಮಿಷ ಇದೆ ಎಂದು ಲಿಫ್ಟು ಹತ್ತಿದರು. ಅವರ ಜೊತೆ ಸಾಹೇಬರೂ ಹತ್ತಿದರು, ಮೆಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲ.

ಶುಕ್ರವಾರ ಸಾಹೇಬರು ನನ್ನನ್ನು ಕರೆದು, ಕಾರಣದ ಕಾಲಮ್ಮಿಗೆ ಕೈ ಹಾಕಿದ್ದಕ್ಕೆ ಹದಿನೈದು ನಿಮಿಷ ಬೈದರು. ಬೈಸಿಕೊಂಡೆ, ತಪ್ಪು ನನ್ನದೇ. ಆಮೇಲೆ ಎರಡು ಕಾಗದ ಕೊಟ್ಟು, ಒಂದೇ ಕವರಿನಲ್ಲಿ ಹಾಕಿ ಮೀಸೆಯ ಮನೆಗೆ ಕಳಿಸು ಎಂದರು. ಒಂದು, ಕಾರ್ಟೂನ್ ನೋಡಲು ಲಿಫ್ಟ್ ನಿಲ್ಲಿಸಿದ್ದಕ್ಕೆ ಎಚ್ಚರಿಕೆ ಪತ್ರ. ಇನ್ನೊಂದು, ಸಹಿ ಆದ ತರಬೇತುದಾರರ ಪತ್ರ! ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಹಾಗೇನು ನೋಡ್ತೀಯ?" ಎಂದರು ಸಾಹೇಬರು. "ಕಾರಣ: ನಾನು. ಅಂತ ತನ್ನ ಕೈಯಾರೆ ಬರೆದೋನನ್ನ ಇಷ್ಟು ವರ್ಷದಲ್ಲಿ ನಾನು ನೋಡೇ ಇಲ್ಲ. ಹೊಸಬರಿಗೆ ಪುಸ್ತಕ ಬರೆಯೋದನ್ನ ಇನ್ಯಾರ ಕೈಲಿ ಕಲಿಸ್ಲಿ?" ನಾನು ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕರೆದು, ದನಿ ತಗ್ಗಿಸಿ, "ಆ ನೀರಾನೆ ಯಾವ ಚಾನೆಲ್ಲಂತೆ?" ಎಂದರು.

ಸೋಮವಾರ ಮಧ್ಯಾಹ್ನ ಮೂರಕ್ಕೆ ಫೋನು ಹೊಡೆದುಕೊಂಡಿತು. ಗುರುತಿಲ್ಲದ ಹೆಂಗಸಿನ ದನಿ.

"ದೂರಿನ ಮೇಜೇನಮ್ಮ? ಒಂದು ದೂರು ಬರ್ಕೋ."

"ಹೇಳಿ. ಯಾವ ಕಟ್ಟಡ?"

"ಕಟ್ಟಡ ಅಲ್ಲ, ಮನೆ. ಮೀಸೆಯವರ ಮನೆ." ಅವರ ಹೆಂಡತಿ! "ಕವರು ಬಂತು. ನಾನೇ ಒಡೆದೆ. ಎರಡೂ ಓದಿದೆ. ನಿನ್ನೆ ಸಂಜೆ ಕೂರಿಸ್ಕೊಂಡು ಕೇಳಿದ್ಮೇಲೆ ಪೂರ್ತಿ ಬಾಯಿ ಬಿಟ್ರು." "ಅವತ್ತು ಊಟಕ್ಕೆ ಕೂತಾಗ ನಾನೂ ನಕ್ಕೆ ಕಣಮ್ಮ. ಅಳಿಯ ಅಂದ, ನಕ್ಕೆ, ಮರ್ತೆ. ಅವ್ರು ಮರೀಲಿಲ್ಲ. ಎರಡು ವರ್ಷ ಆ ಮನುಷ್ಯ ಊರಲ್ಲಿರೋ ಲಿಫ್ಟಿಗೆಲ್ಲ ತನ್ನ ನಗು ಹಂಚಿದಾರೆ. ನಮ್ಮನೇಲಿ ಒಂದು ದಿನ ಕೇಳ್ಸಿಲ್ಲ. ಇದಕ್ಕೇನು ಮಾಡ್ತೀರ ನಿಮ್ಮ ಕಂಪನಿಯೋರು? ಯಾರನ್ನ ಕಳಿಸ್ತೀರ?"

ಪುಸ್ತಕ ತೆರೆದೆ. ದೂರಿನ ಕಾಲಮ್ಮು ನನ್ನದು, ಅದನ್ನು ಮಾತ್ರ ಬರೆದೆ: 'ಮನೆಯಲ್ಲಿ ನಗು ಕೇಳಿಸುತ್ತಿಲ್ಲ. ಎರಡು ವರ್ಷದಿಂದ.' ಕಾರಣದ ಕಾಲಮ್ಮನ್ನು ಮುಟ್ಟಲಿಲ್ಲ, ಪಾಠ ಕಲಿತಿದ್ದೇನೆ.

"ನಮ್ಮಲ್ಲಿ ಎಲ್ಲರಿಗಿಂತ ಹಿರಿಯೋರನ್ನೇ ಕಳಿಸ್ತೀನಿ ಅಕ್ಕಾ," ಎಂದೆ. "ನಾಲ್ಕೂವರೆಗೆ ಮನೇಲಿರ್ತಾರೆ. ಟಿವಿ ಹಾಕಿಡಿ."

ನಾಲ್ಕಕ್ಕೆ ಮೀಸೆಯ ಕೈಗೆ ಕೆಲಸದ ಚೀಟಿ ಕೊಟ್ಟೆ. ವಿಳಾಸ ಓದಿದರು. ದೂರು ಓದಿದರು. ಮತ್ತೊಮ್ಮೆ ಓದಿದರು. ಟೂಲ್ ಚೀಲವನ್ನು ನನ್ನ ಮೇಜಿನ ಕೆಳಗೆ ಇಟ್ಟು, ಬರಿಗೈಯಲ್ಲಿ ಹೊರಟರು. ಗೇಟಿನ ತನಕ ನಡೆದೇ ಹೋದರು. ಗೇಟು ದಾಟಿದ ಮೇಲೆ ಓಡಿದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಮರುದಿನ ಬೆಳಿಗ್ಗೆ ಅವರೇ ಪುಸ್ತಕ ಕೇಳಿ ತೆಗೆದುಕೊಂಡು, ಉಳಿದ ಮೂರು ಕಾಲಮ್ಮುಗಳನ್ನು ನಿಧಾನವಾಗಿ ತುಂಬಿ ಹೋದರು. ಹೋದ ಮೇಲೆ ಓದಿದೆ. ಕಾರಣದಲ್ಲಿ 'ನಾಚಿಕೆ' ಎಂದಿತ್ತು. ಸಹಿಯ ಕಾಲಮ್ಮಿನಲ್ಲಿ ಎರಡು ಸಹಿ, ಅವರದೊಂದು, ಹೆಂಡತಿಯದೊಂದು, ತಾರೀಕಿನ ಸಮೇತ. ನಡುವೆ, ಪರಿಹಾರದ ಕೆಳಗೆ, ದುಂಡಗಿನ ಅಕ್ಷರದಲ್ಲಿ ಬರೆದಿದ್ದರು:

'ಸರಿಪಡಿಸಲಾಗಿದೆ. ಪ್ರತಿದಿನ ನಾಲ್ಕೂವರೆಗೆ ತಪಾಸಣೆ ಅಗತ್ಯ.'